ಆರನೆಯ ವಾರದ ಅಳು: ಆಶಾ ಭೇಟಿ ಮುಗಿಯುವಲ್ಲಿ ಅಂಗಡಿ ಬಾಟಲಿ ಆರಂಭ

ರಾತ್ರಿ ಒಂಬತ್ತೂವರೆಯ ಹೊತ್ತು. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಷಟರ್ ಆಗಲೇ ಅರ್ಧ ಇಳಿದಿತ್ತು. ಬೈಕಿನಿಂದ ಇಳಿದು ಓಡಿಬಂದ ಯುವಕನೊಬ್ಬ ಷಟರ್ ಕೆಳಗೆ ಬಗ್ಗಿ ಕೇಳಿದ: 'ಅಣ್ಣಾ, ಮಗು ಸಂಜೆಯಿಂದ ಒಂದೇ ಸಮನೆ ಅಳ್ತಾ ಇದೆ, ಹೊಟ್ಟೆನೋವಿಗೆ ಏನಾದ್ರೂ ಕೊಡಿ.' 'ಎಷ್ಟು ತಿಂಗಳು?' 'ಒಂದೂವರೆ.' 'ಇದನ್ನ ಐದು ಹನಿ ಹಾಕಿ, ನಿದ್ದೆ ಮಾಡುತ್ತೆ.' ವ್ಯವಹಾರ ಒಂದು ನಿಮಿಷದೊಳಗೆ ಮುಗಿಯಿತು. ಮಗುವಿನ ತೂಕವನ್ನು ಯಾರೂ ಕೇಳಲಿಲ್ಲ. ಜ್ವರವಿದೆಯೇ, ವಾಂತಿಯಾಗಿದೆಯೇ, ಹಾಲು ಕುಡಿಯುತ್ತಿದೆಯೇ ಎಂಬ ಪ್ರಶ್ನೆಗಳೂ ಬರಲಿಲ್ಲ. ತಲೆನೋವಿನ ಮಾತ್ರೆಗೆಂದು ಅದೇ ಅಂಗಡಿಯಲ್ಲಿ ನಿಂತಿದ್ದ ಈ ವರದಿಗಾರನೂ ಕೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಪುಟ್ಟ ಪ್ರಸಂಗ ನೆನಪಿನಲ್ಲಿ ಉಳಿಯಲು ಕಾರಣವಿದೆ. 2025ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಅಸುನೀಗಿದರು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಪತ್ತೆಯಾಯಿತು. ಅಕ್ಟೋಬರ್ 3ರಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಸಿರಪ್ ಬರೆಯಬಾರದು, ಕೊಡಲೂಬಾರದು ಎಂದು ಸೂಚಿಸಿತು. ಕೆಮ್ಮಿನ ಸಿರಪ್ ಬೇರೆ, ಹೊಟ್ಟೆಯ ಹನಿ ಬೇರೆ. ಒಂದರ ದೋಷವನ್ನು ಇನ್ನೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ರೂಢಿ. ತಾನಾಗಿಯೇ ಶಮನವಾಗುವ ತೊಂದರೆಗೆ, ಮಾತು ಬಾರದ ಕೂಸಿಗೆ, ವೈದ್ಯರನ್ನು ಕಾಣದೆಯೇ ಬಾಟಲಿ ತರುವ ರೂಢಿ ಅದು. ಸೂಚನೆಯು ಕೆಮ್ಮಿನ ಬಾಟಲಿಯ ಮಟ್ಟಿಗೆ ಮಾತನಾಡಿತು. ಒಂದೂವರೆ ತಿಂಗಳ ಕೂಸಿನ ಸಂಜೆಯ ಅಳುವಿಗೆ ಏನು ಮಾಡಬೇಕೆಂದು ಆ ಯುವಕನಿಗೆ ಹೇಳಿದವರು ಮಾತ್ರ ಯಾರೂ ಇರಲಿಲ್ಲ.

ಅಳುವಿಗೂ ಒಂದು ಲೆಕ್ಕವಿದೆ

ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ ಅವರು 1962ರಲ್ಲಿ 80 ಶಿಶುಗಳ ತಾಯಂದಿರಿಂದ ದಿನಚರಿ ಬರೆಸಿ, ಅಳುವಿನ ಗಂಟೆಗಳನ್ನು ಎಣಿಸಿದರು. ಹುಟ್ಟಿದ ಎರಡನೆಯ ವಾರದಿಂದ ಅಳು ಏರುತ್ತಾ ಹೋಗಿ, ಆರನೆಯ ವಾರದ ಆಸುಪಾಸಿನಲ್ಲಿ ದಿನಕ್ಕೆ ಎರಡೂಮುಕ್ಕಾಲು ಗಂಟೆಯ ಶಿಖರ ಮುಟ್ಟಿ, ನಂತರ ಇಳಿಯುವುದು ಕಂಡುಬಂತು. ಅದು ಹೆಚ್ಚಾಗಿ ಸಂಜೆಯ ವೇಳೆಯ ಅಳು. 2017ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು, ಬಹುಪಾಲು ಪಾಶ್ಚಾತ್ಯ ರಾಷ್ಟ್ರಗಳ 28 ಅಧ್ಯಯನಗಳ 8,690 ಶಿಶುಗಳ ವಿವರವನ್ನು ಒಟ್ಟುಗೂಡಿಸಿತು. ಅದರ ಪ್ರಕಾರ ಮೊದಲ ಆರು ವಾರಗಳಲ್ಲಿ ಕೂಸು ದಿನಕ್ಕೆ ಸರಾಸರಿ ಎರಡು ಗಂಟೆ ಅಳುತ್ತದೆ. ಹತ್ತರಿಂದ ಹನ್ನೆರಡನೆಯ ವಾರದ ಹೊತ್ತಿಗೆ ಇದು 68 ನಿಮಿಷಕ್ಕೆ ಇಳಿಯುತ್ತದೆ. ವೈದ್ಯರು 'ಕೋಲಿಕ್' ಎಂದು ಕರೆಯುವ ಅತಿಯಾದ ಅಳು ಮೊದಲ ಆರು ವಾರಗಳಲ್ಲಿ ನೂರಕ್ಕೆ 17ರಿಂದ 25 ಶಿಶುಗಳಲ್ಲಿ ಕಂಡರೆ, ಹತ್ತು–ಹನ್ನೆರಡನೆಯ ವಾರದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಂದರೆ ಐದು ಮನೆಗಳಲ್ಲಿ ಒಂದು ಮನೆ ಈ ಪರೀಕ್ಷೆಯನ್ನು ಎದುರಿಸುತ್ತದೆ, ಮತ್ತು ಬಹುತೇಕ ಎಲ್ಲರೂ ಮೂರು ತಿಂಗಳಿಗೆ ಅದರಿಂದ ಪಾರಾಗುತ್ತಾರೆ.

ಈ 'ಅತಿ' ಎಂದರೆ ಎಷ್ಟು? 1954ರಲ್ಲಿ ವೆಸೆಲ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಮೂರರ ಸೂತ್ರವೆಂದೇ ಪ್ರಸಿದ್ಧ: ಚೆನ್ನಾಗಿ ಬೆಳೆಯುತ್ತಿರುವ ಕೂಸು ದಿನಕ್ಕೆ ಮೂರು ಗಂಟೆಗೂ ಮಿಕ್ಕಿ, ವಾರದಲ್ಲಿ ಮೂರು ದಿನಕ್ಕೂ ಮಿಕ್ಕಿ, ಮೂರು ವಾರಕ್ಕೂ ಮಿಕ್ಕಿ ಅಳುವುದು. 2016ರಲ್ಲಿ ಪರಿಷ್ಕೃತವಾದ 'ರೋಮ್' ಮಾನದಂಡಗಳು ಚಿಕಿತ್ಸಾಲಯದ ಮಟ್ಟಿಗೆ ಈ ಗಡಿಯಾರದ ಲೆಕ್ಕವನ್ನು ಕೈಬಿಟ್ಟವು. ಐದು ತಿಂಗಳೊಳಗೆ ಆರಂಭವಾಗಿ ಮುಗಿಯುವ, ಕಾರಣ ಕಾಣದ, ಸಂತೈಸಿದರೂ ನಿಲ್ಲದ ದೀರ್ಘ ಅಳು, ಜೊತೆಗೆ ಜ್ವರವಾಗಲಿ ಬೆಳವಣಿಗೆಯ ಕುಂಠಿತವಾಗಲಿ ಇಲ್ಲದಿರುವುದು: ಇಷ್ಟಿದ್ದರೆ ಸಾಕು. ತೊಟ್ಟಿಲ ಪಕ್ಕ ಗಡಿಯಾರ ಹಿಡಿದು ಕೂರುವ ತಾಯಿ ಎಲ್ಲಿದ್ದಾಳೆ?

ತಪ್ಪು ಹೊಟ್ಟೆಯದೇ?

ಕೂಸು ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆ ಸೆಳೆದು, ಮುಖ ಕೆಂಪಾಗಿಸಿ ಅಳುತ್ತದೆ. ಹೊಟ್ಟೆ ಮುಟ್ಟಿದರೆ ತಮಟೆಯಂತೆ ಬಿಗಿದಿರುತ್ತದೆ. ನಡುವೆ ವಾಯು ಸರಿಯುತ್ತದೆ. ಇಷ್ಟೆಲ್ಲ ಕಂಡ ಯಾವ ಅಜ್ಜಿಯೂ 'ಹೊಟ್ಟೆ ಉಬ್ಬರ' ಎನ್ನದೆ ಬೇರೇನು ಹೇಳಿಯಾಳು? ವೈದ್ಯರೂ ದೀರ್ಘಕಾಲ ಹಾಗೆಯೇ ನಂಬಿದ್ದರು. ಕೋಲಿಕ್ ಎಂಬ ಹೆಸರೇ ದೊಡ್ಡ ಕರುಳಿನಿಂದ ಬಂದದ್ದು. ಆದರೆ ಮೂರರ ಸೂತ್ರ ಬಂದ ಅದೇ 1954ರಲ್ಲಿ ಬ್ರಿಟನ್ನಿನ ಇಲ್ಲಿಂಗ್‌ವರ್ತ್ ಎಂಬ ತಜ್ಞರು ಅಳುವ ಶಿಶುಗಳ ಎಕ್ಸ್–ರೇ ಪರಿಶೀಲಿಸಿದಾಗ ಹೊಟ್ಟೆಯಲ್ಲಿ ವಿಶೇಷವಾದ ವಾಯು ಕಂಡುಬರಲಿಲ್ಲ. ಅಳುವಾಗ ಕೂಸು ಗಾಳಿ ನುಂಗುತ್ತದೆ. ಹಾಗಾಗಿ ವಾಯುವಿನಿಂದ ಅಳು ಎನ್ನುವುದಕ್ಕಿಂತ ಅಳುವಿನಿಂದ ವಾಯು ಎನ್ನುವುದು ಅನೇಕ ಪ್ರಕರಣಗಳಿಗೆ ಹೆಚ್ಚು ಹೊಂದುತ್ತದೆ.

ಹಾಗೆಂದು ಕರುಳಿಗೆ ಸಂಬಂಧವೇ ಇಲ್ಲ ಎಂದೂ ಹೇಳಲಾಗದು. ನವಜಾತ ಶಿಶುವಿನ ಕರುಳು ಇನ್ನೂ ಚಲನೆ ಕಲಿಯುತ್ತಿರುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರುತ್ತಿರುತ್ತವೆ. ಒಂದು ಸಣ್ಣ ವರ್ಗದ ಶಿಶುಗಳಿಗೆ ಹಸುವಿನ ಹಾಲಿನ ಪ್ರೋಟೀನು ಒಗ್ಗದೆ, ಮಲದಲ್ಲಿ ರಕ್ತ, ಚರ್ಮದಲ್ಲಿ ಗಂಧೆ, ಪದೇಪದೇ ವಾಂತಿ ಕಾಣಿಸಿಕೊಳ್ಳುತ್ತವೆ. ಅದು ವೈದ್ಯರು ನೋಡಬೇಕಾದ ವಿಷಯ. ಇನ್ನು ಕೆಲವು ಕೂಸುಗಳು ಹತ್ತು ನಿಮಿಷ ತಿಣುಕಿ ಅತ್ತು, ಕಡೆಗೆ ಮೃದುವಾದ ಮಲವನ್ನೇ ವಿಸರ್ಜಿಸುತ್ತವೆ. ಇದು ಮಲಬದ್ಧತೆಯಲ್ಲ, ಹೊಟ್ಟೆ ಮುಕ್ಕುವುದನ್ನೂ ಗುದದ್ವಾರ ಸಡಿಲಿಸುವುದನ್ನೂ ಒಟ್ಟಿಗೆ ಮಾಡಲು ಕೂಸಿಗೆ ಇನ್ನೂ ಬಾರದು, ಅಷ್ಟೇ. ಎದೆಹಾಲು ಕುಡಿಯುವ ಮಗು ದಿನಕ್ಕೆ ಹತ್ತು ಬಾರಿ ಹೋದರೂ ಸರಿ, ವಾರಕ್ಕೊಮ್ಮೆ ಹೋದರೂ ಸರಿ. ಮಲ ಮೃದುವಾಗಿದ್ದು, ತೂಕ ಏರುತ್ತಿದ್ದರೆ ಚಿಂತೆಗೆ ಕಾರಣವಿಲ್ಲ. ಆದರೂ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದ್ವಾರಕ್ಕೆ ಇಡುವ ಮನೆಗಳು ಇಂದಿಗೂ ಉಂಟು.

ಇಲ್ಲಿ ಬಾಣಂತಿಯ ಪಥ್ಯದ ಮಾತನ್ನೂ ಎತ್ತಬೇಕು. 'ನೀನು ಬೇಳೆ ತಿಂದೆ, ಕೂಸಿಗೆ ವಾಯು ಆಯಿತು' ಎಂಬ ಆಪಾದನೆಯನ್ನು ಕೇಳದ ಬಾಣಂತಿ ನಮ್ಮಲ್ಲಿ ವಿರಳ. ತಾಯಿಯ ಕರುಳಿನ ವಾಯು ರಕ್ತದ ಮೂಲಕ ಎದೆಹಾಲಿಗೆ ಇಳಿಯುವುದಿಲ್ಲ. ಆದರೆ ಬೇಳೆ, ಸೊಪ್ಪು, ಹಣ್ಣು, ನೀರು ಎಲ್ಲವನ್ನೂ ಕಡಿತಗೊಳಿಸಿ, ಅನ್ನ–ಮೆಣಸಿನ ಸಾರಿನ ಮೇಲೆ ತಿಂಗಳುಗಟ್ಟಲೆ ಇಟ್ಟ ಬಾಣಂತಿ ರಕ್ತಹೀನತೆಯಿಂದ ಬಳಲುತ್ತಾಳೆ. ಕೂಸಿನ ಅಳುವಿಗೆ ಶಿಕ್ಷೆ ಅವಳಿಗೆ.

ಬಾಟಲಿಯ ಪುರಾಣ

ಗ್ರೈಪ್ ವಾಟರ್ ಹುಟ್ಟಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಜೌಗು ಪ್ರದೇಶದ ಜ್ವರಕ್ಕೆ ಕೊಡುತ್ತಿದ್ದ ಔಷಧವನ್ನು ಆಧರಿಸಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ಅದನ್ನು ಸಿದ್ಧಪಡಿಸಿದ. ಅದರಲ್ಲಿ ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ ಮತ್ತು ಮದ್ಯಸಾರ ಇದ್ದವು. ನಮ್ಮ ಬಾಣಂತಿಗೆ ಹಾಲು ಹೆಚ್ಚಲೆಂದು ಬೇಯಿಸಿ ಬಡಿಸುವ ಸಬ್ಬಸಿಗೆಯೇ ಸಮುದ್ರದಾಚೆ ಕೂಸಿನ ಬಾಟಲಿಗೆ ಇಳಿದಿತ್ತು. ಅಳು ನಿಲ್ಲಿಸಿದ್ದು ಸಬ್ಬಸಿಗೆಯೋ, ಸಿಹಿಯೋ, ಮದ್ಯಸಾರದ ಅಮಲೋ ಎಂಬ ಪ್ರಶ್ನೆ ಬಹುಕಾಲ ಯಾರನ್ನೂ ಕಾಡಲಿಲ್ಲ. ಬ್ರಿಟನ್ನಿನಲ್ಲಿ ಮದ್ಯಸಾರವನ್ನು ತೆಗೆದದ್ದು 1990ರ ದಶಕದ ಆರಂಭದಲ್ಲಿ, ಅಂದರೆ ಸುಮಾರು 140 ವರ್ಷಗಳ ನಂತರ. ಇಂದು ನಮ್ಮಲ್ಲಿ ಸಿಗುವ ಪ್ರಮುಖ ಉತ್ಪನ್ನಗಳು ಮದ್ಯಸಾರರಹಿತವೆಂದು ಚೀಟಿಯಲ್ಲಿ ಹೇಳಿಕೊಳ್ಳುತ್ತವೆ. ಆದರೆ ಉಳಿದ ಪದಾರ್ಥಗಳಿಂದ ಅಳು ನಿಲ್ಲುತ್ತದೆ ಎನ್ನಲು ಭರವಸೆಯ ಪುರಾವೆ ಇಲ್ಲ. ಮೇಲಾಗಿ ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರನ್ನೂ ಕೊಡಬೇಡಿ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆಸುವ ಊರಿನಲ್ಲಿಯೇ, ಅದೇ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ 'ಹುಟ್ಟಿದಾಗಿನಿಂದ' ಎಂಬ ಮಾತಿನೊಂದಿಗೆ ಬಾಟಲಿ ಕೈ ಬದಲಿಸುತ್ತದೆ.

ಸಿಮೆಥಿಕೋನ್ ಹನಿ ಇನ್ನೊಂದು ಜನಪ್ರಿಯ ವಸ್ತು. ಇದು ಹೊಟ್ಟೆಯಲ್ಲಿನ ಗುಳ್ಳೆಗಳನ್ನು ಒಡೆಯುತ್ತದೆ, ರಕ್ತಕ್ಕೆ ಸೇರುವುದಿಲ್ಲ, ಸಾಮಾನ್ಯವಾಗಿ ನಿರಪಾಯಕಾರಿ. ಆದರೆ 1994ರಲ್ಲಿ ಅಮೆರಿಕದಲ್ಲಿ 83 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ ಔಷಧಿ ಹನಿಗೂ, ಔಷಧಿಯಿಲ್ಲದ ತೋರಿಕೆಯ ಹನಿಗೂ ವ್ಯತ್ಯಾಸವೇ ಕಾಣಲಿಲ್ಲ. ಎರಡರಿಂದಲೂ 'ಕಡಿಮೆಯಾಯಿತು' ಎಂದ ತಂದೆತಾಯಂದಿರು ಇದ್ದರು. ಆರನೆಯ ವಾರದಲ್ಲಿ ಏನೇ ಕೊಟ್ಟರೂ ಎಂಟನೆಯ ವಾರದ ಹೊತ್ತಿಗೆ ಗುಣ ಕಾಣುವುದು ಸಹಜ. ಗ್ರೈಪ್ ವಾಟರಿಗೂ, ದೃಷ್ಟಿ ತೆಗೆಯುವುದಕ್ಕೂ, ಮಂತ್ರಿಸಿದ ತಾಯಿತಕ್ಕೂ ಕೀರ್ತಿ ತಂದುಕೊಟ್ಟಿರುವುದು ಈ ಇಳಿಜಾರೇ.

ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಡೈಸೈಕ್ಲೋಮಿನ್ ಬೆರೆತ ಹನಿಗಳ ಬಗ್ಗೆ. ಕರುಳಿನ ಸೆಳೆತ ತಗ್ಗಿಸುವ ಈ ಔಷಧಿಯಿಂದ ಎಳೆಯ ಶಿಶುಗಳಲ್ಲಿ ಉಸಿರಾಟದ ತೊಂದರೆ, ಸೆಳವು, ಪ್ರಜ್ಞಾಹೀನತೆ ಉಂಟಾದ ಪ್ರಕರಣಗಳು 1980ರ ದಶಕದಲ್ಲಿಯೇ ವರದಿಯಾದವು. ಆ ನಂತರ ಆರು ತಿಂಗಳೊಳಗಿನವರಿಗೆ ಅದು ನಿಷಿದ್ಧವೆಂದು ಚೀಟಿಗಳಲ್ಲಿ ಸೇರಿತು. ಕೋಲಿಕ್ ಕಾಡುವುದು ಮೊದಲ ಮೂರ್ನಾಲ್ಕು ತಿಂಗಳು. ಔಷಧಿ ಸಲ್ಲುವುದು ಆರು ತಿಂಗಳ ನಂತರ. ಹೀಗಿರುವಾಗ 'ಕೂಸಿನ ಹೊಟ್ಟೆನೋವಿನ ಹನಿ' ಎಂದು ಕೇಳಿದವರಿಗೆ ಅದನ್ನು ಕೊಡುವುದರಲ್ಲಿ ಯಾವ ಅರ್ಥವಿದೆ? ಬಾಟಲಿಯ ಮೇಲಿನ ಚೀಟಿ ಇರುವೆಗಾತ್ರದ ಅಕ್ಷರಗಳಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಓದಿಯೇ ಕೊಡಬೇಕಾದವರು ಗಲ್ಲೆಯ ಹಿಂದೆ ನಿಂತವರು. ಇತ್ತೀಚಿನ ವರ್ಷಗಳಲ್ಲಿ ಚಲಾವಣೆಗೆ ಬಂದಿರುವ ಪ್ರೊಬಯಾಟಿಕ್ ಹನಿಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ರ್‍ಯೂಟೆರಿ ಎಂಬ ಒಂದು ತಳಿ ಎದೆಹಾಲು ಕುಡಿಯುವ ಶಿಶುಗಳಲ್ಲಿ ಅಳುವನ್ನು ಸ್ವಲ್ಪ ತಗ್ಗಿಸುತ್ತದೆ ಎಂಬುದಕ್ಕೆ ಆಧಾರವಿದೆ. ಡಬ್ಬಿ ಹಾಲಿನ ಶಿಶುಗಳಿಗೆ ಆ ಲಾಭ ಕಂಡಿಲ್ಲ.

ಮನೆಮದ್ದುಗಳೆಲ್ಲ ಸಾಧು ಎಂದೇನೂ ಅಲ್ಲ. ಹೊಕ್ಕುಳ ಸುತ್ತ ಇಂಗಿನ ನೀರು ಹಚ್ಚುವುದು, ಹದವಾಗಿ ಎಣ್ಣೆ ತಿಕ್ಕಿ ನೀರೆರೆಯುವುದು ಕೂಸಿಗೆ ಹಿತವೇ ಇರಬಹುದು. ಆದರೆ ಬಜೆ ತೇದು ನೆಕ್ಕಿಸುವುದರ ಬಗ್ಗೆ ಮರುಚಿಂತನೆ ಅಗತ್ಯ. ಬಜೆಯ ಎಣ್ಣೆಯಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಷ್ಟು ಹಿಂದೆಯೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಭಾರತದ ಬಜೆಯಲ್ಲಿ ಆ ಅಂಶ ಹೆಚ್ಚು. ಜೇನು ನೆಕ್ಕಿಸುವುದು ವರ್ಷದೊಳಗಿನ ಮಗುವಿಗೆ ಬೊಟುಲಿಸಂ ಎಂಬ ಪಾರ್ಶ್ವವಾಯುವಿನಂತಹ ಕಾಯಿಲೆ ತರಬಲ್ಲದು. ಇನ್ನು ಅಳು ನಿಲ್ಲಲೆಂದು ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವುದು ಮದ್ದಲ್ಲ, ಅಪರಾಧ. ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ ನ್ಯುಮೋನಿಯಾ ಬಂದ ಹಸುಳೆಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿ, ಅವು ಮೃತಪಟ್ಟ ಸುದ್ದಿ 2023ರ ಫೆಬ್ರವರಿಯಲ್ಲಿ ದೇಶದ ಗಮನ ಸೆಳೆದಿತ್ತು. ಉತ್ತರ ಕರ್ನಾಟಕದ ಕೆಲ ಗ್ರಾಮಗಳಲ್ಲಿಯೂ ಈ ರೂಢಿ ಪೂರ್ಣ ಅಳಿದಿಲ್ಲ.

ನಲವತ್ತೆರಡನೆಯ ದಿನ

ಈಗ ವ್ಯವಸ್ಥೆಯ ಕ್ಯಾಲೆಂಡರನ್ನು ಅಳುವಿನ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡೋಣ. 2011ರಿಂದ ಜಾರಿಯಲ್ಲಿರುವ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದ ಪ್ರಕಾರ, ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಆರು ಬಾರಿ ಬರಬೇಕು: 3, 7, 14, 21, 28 ಮತ್ತು 42ನೆಯ ದಿನ. ನಂತರ 2018ರಲ್ಲಿ ಸೇರ್ಪಡೆಯಾದ ಮುಂದುವರಿದ ಕಾರ್ಯಕ್ರಮದ ಭೇಟಿಗಳು ಮೂರನೆಯ ತಿಂಗಳಿನಿಂದ ಆರಂಭವಾಗುತ್ತವೆ. ನಲವತ್ತೆರಡನೆಯ ದಿನವೆಂದರೆ ಸರಿಯಾಗಿ ಆರು ವಾರ, ಅಳು ಶಿಖರದಲ್ಲಿರುವ ಗಳಿಗೆ. ಅಂದು ಹೊಸ್ತಿಲು ದಾಟಿ ಹೊರಟ ಆಶಾ ಮತ್ತೆ ಬರುವುದು ಕೂಸಿನ ಅಳು ತಾನಾಗಿಯೇ ಇಳಿದ ಮೇಲೆ. 28ರಿಂದ 42ರ ನಡುವಿನ ಎರಡು ವಾರ, ಅಳು ಅತ್ಯಂತ ವೇಗವಾಗಿ ಏರುವ ಕಾಲ. ಆಗಲೂ ಮನೆಗೆ ಯಾರೂ ಬರುವುದಿಲ್ಲ. ಯಾರೂ ದುರುದ್ದೇಶದಿಂದ ಹೀಗೆ ಮಾಡಿದ್ದಲ್ಲ. ಆ ವೇಳಾಪಟ್ಟಿ ರೂಪುಗೊಂಡದ್ದು ನವಜಾತ ಶಿಶು ಮರಣ ತಡೆಯಲು, ಮತ್ತು ಆ ಉದ್ದೇಶಕ್ಕೆ ಅದು ಸರಿಯಾಗಿಯೇ ಇದೆ. ಆದರೆ ಅಳುವಿನಿಂದ ಸಾಯದ ಕೂಸಿನ ಮನೆಯಲ್ಲಿ ನಡೆಯುವುದೇನೆಂಬುದು ಆ ಪಟ್ಟಿಯ ಹೊರಗೆ ಉಳಿಯಿತು.

ಆ ಖಾಲಿ ಜಾಗಕ್ಕೆ ನುಗ್ಗುವುದು ಬಾಟಲಿ ಮಾತ್ರವಲ್ಲ, ಹಾಲಿನ ಪುಡಿಯ ಡಬ್ಬಿಯೂ ಹೌದು. ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎಂಬ ನಮ್ಮ ಗಾದೆಯೇ ಅಳುವನ್ನು ಹಸಿವೆಂದು ಓದಿಸುತ್ತದೆ. ಕುಡಿಸಿದ ಮೇಲೂ ಅತ್ತರೆ 'ಹಾಲು ಸಾಲದು' ಎಂಬ ತೀರ್ಪು ಅತ್ತೆಯ ಬಾಯಿಂದಲೋ ನೆರೆಯವರ ಬಾಯಿಂದಲೋ ಬರುತ್ತದೆ. 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಸ್ತನ್ಯಪಾನ ಲೇಖನಮಾಲೆಯ ಪ್ರಕಾರ, ಬೇಗನೆ ಡಬ್ಬಿ ಹಾಲಿಗೆ ಮೊರೆಹೋದ ತಾಯಂದಿರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಕೊಟ್ಟ ಕಾರಣ 'ಹಾಲು ಸಾಲುತ್ತಿಲ್ಲ' ಎಂಬುದೇ. ಸಹಜ ಅಳುವನ್ನು ಕಾಯಿಲೆಯಂತೆ ಬಿಂಬಿಸಿ ಉದ್ಯಮ ಮಾರುಕಟ್ಟೆ ವಿಸ್ತರಿಸಿಕೊಂಡಿದೆ ಎಂದೂ ಅದು ಹೇಳಿತು. ಭಾರತದಲ್ಲಿ 1992ರ ಕಾಯಿದೆ, 2003ರ ತಿದ್ದುಪಡಿಯೊಂದಿಗೆ, ಶಿಶು ಹಾಲಿನ ಪುಡಿಯ ಜಾಹೀರಾತನ್ನು ನಿಷೇಧಿಸಿದೆ. ಆದರೆ ಅಳುವ ಕೂಸಿಗಿಂತ ದೊಡ್ಡ ಜಾಹೀರಾತು ಬೇರೆ ಬೇಕೆ? ಆರು ತಿಂಗಳೊಳಗಿನ ಶಿಶುಗಳಲ್ಲಿ ಕೇವಲ ಎದೆಹಾಲು ಪಡೆಯುವವರ ಪ್ರಮಾಣ ದೇಶದಲ್ಲಿ ಶೇ. 54.9ರಿಂದ ಶೇ. 63.7ಕ್ಕೆ ಏರಿದೆ ಎಂದು 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು. ಉಳಿದ ಮೂರನೆಯ ಒಂದಂಶದಲ್ಲಿ ಎಷ್ಟು ಮನೆಗಳು ಇಂತಹ ಸಂಜೆಯೊಂದರಲ್ಲಿ ಸೋತವೋ ಯಾರು ಲೆಕ್ಕ ಇಟ್ಟಿದ್ದಾರೆ?

ಕೂಸಿಗೆ ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬಾರದು. ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತೂಕದ ಗೆರೆ ಮೇಲೇರುತ್ತಿದ್ದರೆ ಹಾಲು ಸಾಲುತ್ತಿದೆ. ಇಷ್ಟು ಮಾತನ್ನು ಹೇಳಲು ಹೊಸ ಇಲಾಖೆ ಬೇಡ.

ಯಾವ ಅಳು ಬೇರೆ

ಆದರೆ 'ಎಲ್ಲವೂ ಸಹಜ, ಬಿಡಿ' ಎಂಬ ಮಾತು ಬಾಟಲಿಗಿಂತಲೂ ಅಪಾಯಕಾರಿ ಆಗಬಲ್ಲದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಮಿಕ್ಕಿ ಜ್ವರವಿದ್ದರೆ, ವಾಂತಿ ಹಸಿರು ಬಣ್ಣದ್ದಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಉಸಿರಾಟ ವೇಗವಾದರೆ, ತೊಡೆಸಂದಿಯಲ್ಲಿ ಗಟ್ಟಿ ಗಂಟು ಎದ್ದರೆ, ಅಳು ಕ್ಷೀಣ ನರಳಾಟವಾದರೆ ಅಥವಾ ಕೂಸು ಜೋಲು ಬಿದ್ದಂತೆ ಮಂಕಾದರೆ ಬೆಳಗಾಗುವವರೆಗೂ ಕಾಯಬಾರದು. ನಾಲ್ಕು ತಿಂಗಳ ನಂತರ ಹೊಸದಾಗಿ, ಬಿಟ್ಟುಬಿಟ್ಟು ಕಿರುಚುವ ಅಳು ಶುರುವಾದರೆ ಕರುಳಿನೊಳಗೆ ಕರುಳು ಸೇರಿಕೊಂಡಿರುವ ಸಾಧ್ಯತೆಯನ್ನು ವೈದ್ಯರು ಪರೀಕ್ಷಿಸಬೇಕು. ಕೈಕಾಲು ಬೆರಳಿಗೆ ತಾಯಿಯ ತಲೆಗೂದಲು ಬಿಗಿಯಾಗಿ ಸುತ್ತಿಕೊಂಡು ಕೂಸು ಗಂಟೆಗಟ್ಟಲೆ ಅತ್ತ ಪ್ರಸಂಗಗಳೂ ಇವೆ. ಬಟ್ಟೆ ಬಿಚ್ಚಿ ಮೈಯೆಲ್ಲ ನೋಡುವುದು ಖರ್ಚಿಲ್ಲದ ಕೆಲಸ. ಹನಿ ಕೊಟ್ಟು ಮಲಗಿಸಿದ ಮನೆಯಲ್ಲಿ ಈ ಲಕ್ಷಣಗಳು ಗಮನಕ್ಕೆ ಬಾರದೇ ಹೋಗುತ್ತವೆ ಎಂಬುದೇ ಬಾಟಲಿಯ ಮೇಲಿನ ದೊಡ್ಡ ಆಕ್ಷೇಪ.

ಇವು ಯಾವುವೂ ಇಲ್ಲದ ಕೂಸನ್ನು ಎತ್ತಿಕೊಳ್ಳಬಹುದು. 'ಎತ್ತಿ ರೂಢಿ ಮಾಡಬೇಡ' ಎಂಬ ಬುದ್ಧಿಮಾತಿಗೆ ಈ ವಯಸ್ಸಿನಲ್ಲಿ ಆಧಾರವಿಲ್ಲ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಪ್ರಯೋಗವೊಂದರಲ್ಲಿ ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಶಿಶುಗಳು ಆರನೆಯ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು. ನಂತರದ ಪ್ರಯೋಗವೊಂದು ಈ ಲಾಭವನ್ನು ಕಾಣಲಿಲ್ಲವಾದ್ದರಿಂದ ಅದನ್ನು ರಾಮಬಾಣ ಎನ್ನಲಾಗದು. ತೊಟ್ಟಿಲ ತೂಗು, ಮಂದ ಬೆಳಕು, ಹೆಗಲ ಮೇಲೆ ಹಾಕಿಕೊಂಡು ನಡೆದಾಟ, ಕುಡಿಸಿದ ಮೇಲೆ ತೇಗು ಬರಿಸುವುದು, ಯಾವುದು ಒಗ್ಗುತ್ತದೋ ಅದು. ಯಾವುದೂ ಒಗ್ಗದ ಸಂಜೆಗಳೂ ಇರುತ್ತವೆ.

ಅಂತಹ ಸಂಜೆಗಳಲ್ಲಿ ನೋಡಿಕೊಳ್ಳಬೇಕಾದದ್ದು ಎತ್ತಿಕೊಂಡ ಕೈಯನ್ನು. ನಿದ್ದೆಗೆಟ್ಟು ಸಿಟ್ಟಿಗೆದ್ದವರು ಕೂಸನ್ನು ಹಿಡಿದು ಅಲ್ಲಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ಸಿಟ್ಟು ಏರಿದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ನಿಲ್ಲುವುದು ತಪ್ಪಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 2009ರಿಂದ ಪ್ರತಿ ಬಾಣಂತಿಗೂ ಆಸ್ಪತ್ರೆಯಲ್ಲೇ ಅಳುವಿನ ಈ ಏರಿಳಿತವನ್ನು ತಿಳಿಸತೊಡಗಿತು. ನಂತರದ ವರ್ಷಗಳಲ್ಲಿ ಅಲುಗಾಟದ ತಲೆಪೆಟ್ಟಿನಿಂದ ಆಸ್ಪತ್ರೆ ಸೇರುವ ಎಳೆಯ ಮಕ್ಕಳ ಪ್ರಮಾಣ ಶೇ. 35ರಷ್ಟು ಇಳಿಯಿತೆಂದು 2018ರಲ್ಲಿ ವರದಿಯಾಯಿತು. ಅಲ್ಲಿ ಕೊಟ್ಟದ್ದು ಔಷಧಿಯಲ್ಲ, ಮಾಹಿತಿ. ಬಾಣಂತಿಯೇ ದಿನವಿಡೀ ಅಳುತ್ತಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲವೆಂದರೆ, ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದಕ್ಕೂ ಸಲ್ಲುತ್ತದೆ. ತಾಯಿ–ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಹಾಗಾದರೆ ಇನ್ನೂ ಒಂದು ಆಶಾ ಭೇಟಿ ಸೇರಿಸಬೇಕೆ? ಹೇಳುವುದು ಸುಲಭ. ಆರು ಭೇಟಿಗೂ ಸೇರಿ ಆಶಾಗೆ ಗೊತ್ತುಪಡಿಸಿದ ಪ್ರೋತ್ಸಾಹಧನ 250 ರೂಪಾಯಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಧರಣಿ ಕುಳಿತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಎದ್ದ ಮಹಿಳೆಯರ ಹೆಗಲಿಗೆ ಪುಕ್ಕಟೆಯಾಗಿ ಇನ್ನೊಂದು ಹೊರೆ ಹೊರಿಸುವುದು ಸಲ್ಲದು. ಜೊತೆಗೆ ಬಾಣಂತಿ ತವರಿನಲ್ಲಿರುತ್ತಾಳೆ, ಹೆಸರು ಗಂಡನ ಊರಿನ ಪಟ್ಟಿಯಲ್ಲಿರುತ್ತದೆ. ಈಗಿರುವ ಭೇಟಿಗಳೇ ಎಷ್ಟೋ ಕಡೆ ಈ ಗೊಂದಲದಲ್ಲಿ ಕಳೆದುಹೋಗುತ್ತವೆ.

ಇರುವ ಎರಡು ಸಂದರ್ಭಗಳೇ ಸಾಕು. ಒಂದು, 28ನೆಯ ದಿನದ ಭೇಟಿ: 'ಮುಂದಿನ ಎರಡು ವಾರ ಕೂಸು ಇನ್ನೂ ಹೆಚ್ಚು ಅಳುತ್ತದೆ, ಮೂರನೆಯ ತಿಂಗಳಿಗೆ ಇಳಿಯುತ್ತದೆ, ನಿನ್ನ ಹಾಲಿನ ತಪ್ಪಲ್ಲ' ಎಂದು ಅತ್ತೆಯ ಎದುರಿನಲ್ಲೇ ಹೇಳುವುದು. ಇನ್ನೊಂದು, ಆರನೆಯ ವಾರದ ಪೆಂಟಾವಲೆಂಟ್ ಲಸಿಕೆ. ಅಂದು ಕೂಸು ಅಮ್ಮನ ಮಡಿಲಲ್ಲಿ ಆರೋಗ್ಯ ಕೇಂದ್ರಕ್ಕೇ ಬಂದಿರುತ್ತದೆ, ಹೆಚ್ಚಿನ ಪಾಲು ಅಪ್ಪನೂ ಬೈಕ್ ನಿಲ್ಲಿಸಿ ಹೊರಗೆ ಕಾಯುತ್ತಿರುತ್ತಾನೆ. ಚುಚ್ಚುಮದ್ದು ಹಾಕಿಸಿಕೊಂಡು ಅರ್ಧ ಗಂಟೆ ಕುಳಿತಿರಿ ಎಂದು ಅಲ್ಲಿ ಹೇಗೂ ಹೇಳುತ್ತಾರೆ.